ಬೆಡ್‌ರೂಮ್ ಟಿವಿಯಲ್ಲಿ ಕೆಲವೇ ಚಾನೆಲ್ ಚೌಕ ಚೌಕ, ಫೋನ್ ಬಂದ್ರೆ ಇನ್ನೂ ಕೆಲವು: ಬಾಕ್ಸ್ ತಪ್ಪಾ, ವೈರ್ ತಪ್ಪಾ?

ಬೆಣ್ಣೆದೋಸೆ17
ಊರು ದಾವಣಗೆರೆ. ಮನೆಗೆ ಬರೋದು ಒಂದೇ ಕೇಬಲ್ ಲೈನ್. ಮೀಟರ್ ಬೋರ್ಡ್ ಪಕ್ಕ ಮೂರು ದಾರಿ ಸ್ಪ್ಲಿಟರ್ ಇದೆ. ಒಂದು ದಾರಿ ಹಾಲ್‌ಗೆ, 6 ಮೀಟರ್, ದಪ್ಪ ವೈರು. ಒಂದು ಬೆಡ್‌ರೂಮ್‌ಗೆ, 18 ಮೀಟರ್, ಹಳೇ ಸಣ್ಣ ವೈರು. ಮೂರನೇದು ಖಾಲಿ. ಎರಡೂ ಕಡೆ ಎಚ್‌ಡಿ ಬಾಕ್ಸ್, 1080ಐ ಸೆಟ್ಟಿಂಗು.
ಹಾಲ್‌ನಲ್ಲಿ ಏನೂ ತೊಂದರೆ ಇಲ್ಲ. ಬೆಡ್‌ರೂಮಲ್ಲಿ ಒಂದು ಹದಿನೈದು ಚಾನೆಲ್ ಯಾವಾಗಲೂ ಚೌಕ ಚೌಕ, ಧ್ವನಿ ಕಟ್ ಕಟ್. ಇನ್ನೊಂದು ಗುಂಪು ಚಾನೆಲ್ ಚೆನ್ನಾಗೇ ಬರ್ತವೆ, ಆದರೆ ಬಾಕ್ಸ್ ಹತ್ರ ಇಟ್ಟ ಮೊಬೈಲ್‌ಗೆ ಕರೆ ಬಂದ್ರೆ ಚಿತ್ರ ನಿಂತೇ ಹೋಗುತ್ತೆ. ಕೇಬಲ್‌ನವರು ಬಾಕ್ಸ್ ಬದಲಾಯಿಸಿ ಕೊಟ್ಟರು, ಹಾಗೇ ಇದೆ. ಈಗ ಬೂಸ್ಟರ್ ಹಾಕಿಸಿ ಅಂತಿದ್ದಾರೆ. ಹಾಕಿಸಲಾ?

ರಾಗಿಮುದ್ದೆ
ಹಾಕಿಸಿ ಸಾರ್. 18 ಮೀಟರ್ ಸಣ್ಣ ವೈರಲ್ಲಿ ಸಿಗ್ನಲ್ ಸತ್ತೇ ಹೋಗಿರುತ್ತೆ.

ಡೆಸಿಬೆಲ್
ತಡೀರಿ, ಬೂಸ್ಟರ್‌ಗೆ ದುಡ್ಡು ಹಾಕೋ ಮೊದಲು ಒಂದು ಕೆಲಸ ಮಾಡಿ. ಸಿಗ್ನಲ್ ಕಮ್ಮಿ ಆಗಿದ್ರೆ ತೊಂದರೆ ಮೇಲಿನ ಫ್ರೀಕ್ವೆನ್ಸಿಯಿಂದ ಶುರುವಾಗಿ ಕೆಳಗಿಳೀಬೇಕು. ನಡುವೆ ಎಲ್ಲೋ ಒಂದೇ ಗುಂಪು ಕೆಟ್ಟು, ಅದರ ಮೇಲೂ ಕೆಳಗೂ ಚೆನ್ನಾಗಿದ್ರೆ ಅದು ಸಿಗ್ನಲ್ ಕೊರತೆ ಅಲ್ಲ, ಹೊರಗಿನದೇನೋ ಒಳಗೆ ನುಗ್ತಿದೆ.
ನಮ್ಮಲ್ಲಿ ಡಿಜಿಟಲ್ ಕೇಬಲ್ ಅಂದ್ರೆ 8 ಮೆಗಾಹರ್ಟ್ಸ್ ಅಗಲದ ಡಬ್ಬಿಗಳ ಸಾಲು. 862 ಮೆಗಾಹರ್ಟ್ಸ್‌ವರೆಗೂ ಹೋಗುತ್ತೆ. ಒಂದೊಂದು ಡಬ್ಬಿಯಲ್ಲಿ 64 ಕ್ವಾಮ್ ಅನ್ನೋ ಡೇಟಾ ತುಂಬೋ ವಿಧಾನದಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಹಿಡಿಸುತ್ತೆ, ಹತ್ತು ಹದಿನೈದು ಚಾನೆಲ್ ಅದರೊಳಗೇ ಕೂತಿರ್ತವೆ. ಅದಕ್ಕೇ ಒಂದು ಡಬ್ಬಿಗೆ ಪೆಟ್ಟು ಬಿದ್ರೆ ಅಷ್ಟೂ ಚಾನೆಲ್ ಒಟ್ಟಿಗೆ ಒಡೆಯೋದು. ಪಟ್ಟಿಯಲ್ಲಿ ನಂಬರ್ ಅಕ್ಕಪಕ್ಕ ಇರಬೇಕು ಅಂತೇನಿಲ್ಲ.
ಕೆಟ್ಟ ಚಾನೆಲ್ ಹಾಕಿ, ಮೆನುವಿನಲ್ಲಿ ಸಿಗ್ನಲ್ ಇನ್ಫೋ ತೆರೆದು ಫ್ರೀಕ್ವೆನ್ಸಿ, ಸ್ಟ್ರೆಂತ್, ಕ್ವಾಲಿಟಿ ಬರೆದುಕೊಳ್ಳಿ. ಫೋನ್‌ಗೆ ಕೆಡೋ ಚಾನೆಲ್‌ದೂ, ಚೆನ್ನಾಗಿ ಬರೋ ಎರಡು ಚಾನೆಲ್‌ದೂ ಬೇಕು. ಸ್ಟ್ರೆಂತ್ ಚೆನ್ನಾಗಿದ್ದು ಕ್ವಾಲಿಟಿ ಬಿದ್ದಿದ್ರೆ ಬೂಸ್ಟರ್ ಮಾತೇ ಬೇಡ.

ಹುಬ್ಳಿಮಂದಿ
ಬೂಸ್ಟರ್ ಒಳಗ ಬಂದ ಕಸಾನೂ ದೊಡ್ಡದ ಮಾಡ್ತೈತ್ರಿ. ಸದ್ಯ ತಗೋಬ್ಯಾಡ್ರಿ.

ಸಂಪಿಗೆ
ವೈಫೈ ರೂಟರ್ ಎಲ್ಲಿದೆ? ಬಾಕ್ಸ್ ಪಕ್ಕ ಇದ್ರೆ ದೂರ ಇಡಿ, ಅದೇ ಕಾರಣ ಇರುತ್ತೆ.

ಡೆಸಿಬೆಲ್
@ಸಂಪಿಗೆ ಕೇಬಲ್ ಬಾಕ್ಸ್‌ಗೆ ವೈಫೈ ಶತ್ರು ಅಲ್ಲ ಮೇಡಂ. ವೈಫೈ ಇರೋದು 2,400ರಲ್ಲಿ, ಇಲ್ಲಾ 5,000ದ ಮೇಲೆ. ಕೇಬಲ್ 862ಕ್ಕೇ ಮುಗಿಯಿತು. ರೂಟರ್‌ನ ಅಗ್ಗದ ಅಡಾಪ್ಟರ್ ಗಲೀಜು ಮಾಡಬಹುದು, ಆದರೆ ಅದರ ಗಲಾಟೆ ಹೆಚ್ಚಾಗಿ ಕೆಲವು ಹತ್ತು ಮೆಗಾಹರ್ಟ್ಸ್ ಒಳಗೇ. ಮೊಬೈಲ್ ಕಥೆ ಬೇರೆ, ಅದು ಕೇಬಲ್ ಬಳಸೋ ಜಾಗದಲ್ಲೇ ಕೂಗುತ್ತೆ.

ಬೆಣ್ಣೆದೋಸೆ17
ನೋಡಿದೆ. ಯಾವಾಗಲೂ ಕೆಟ್ಟಿರೋದು 666: ಸ್ಟ್ರೆಂತ್ 61, ಕ್ವಾಲಿಟಿ 30ರಿಂದ 38 ಕುಣಿಯುತ್ತೆ. ಫೋನ್‌ಗೆ ಕೆಡೋದು 834: ಸ್ಟ್ರೆಂತ್ 55, ಕ್ವಾಲಿಟಿ 72, ಕರೆ ಬಂದಾಗ ಸೊನ್ನೆ. ಚೆನ್ನಾಗಿರೋದು 370: 74/95. 690: 60/84. ಹಾಲ್‌ನಲ್ಲಿ ಎಲ್ಲಾ 80 ಮೇಲೆ.

ಎಫ್‌ಪಿನ್
666 ಕೆಟ್ಟು 690 ಚೆನ್ನಾಗಿದೆ ಅಂದ್ಮೇಲೆ ಬೂಸ್ಟರ್ ವಿಚಾರ ಮುಚ್ಚಿ. ನಿಮ್ಮಲ್ಲಿ ಕಳ್ಳರು ಇಬ್ಬರು. ಬಾಗಿಲು ಮಾತ್ರ ಒಂದೇ.

834 ಸುಲಭ. 4ಜಿಯ 850 ಬ್ಯಾಂಡ್‌ನಲ್ಲಿ ಮೊಬೈಲ್ ಟವರ್ ಕಡೆಗೆ ಕೂಗೋದು 824ರಿಂದ 849 ಮೆಗಾಹರ್ಟ್ಸ್ ಒಳಗೆ. ನಿಮ್ಮ ಡಬ್ಬಿ 830ರಿಂದ 838, ಸರೀಗೆ ಅದರ ಹೊಟ್ಟೆಯಲ್ಲೇ ಇದೆ. ಬೆಡ್‌ರೂಮಲ್ಲಿ ಟವರ್ ಸಿಗ್ನಲ್ ಕಮ್ಮಿ ಇದ್ದಷ್ಟೂ ಫೋನ್ ಜೋರಾಗಿ ಕೂಗುತ್ತೆ, 200 ಮಿಲಿವ್ಯಾಟ್‌ವರೆಗೂ. ಕೇಬಲ್‌ನಲ್ಲಿ ಬರೋ ಸಿಗ್ನಲ್ ಅದರ ಮುಂದೆ ಲೆಕ್ಕಕ್ಕೇ ಇಲ್ಲ. 700 ಬ್ಯಾಂಡ್ ಬಳಸೋ ಫೋನ್ ಆದ್ರೆ 703ರಿಂದ 748ರ ಡಬ್ಬಿಗಳಿಗೂ ಇದೇ ಗತಿ.

666 ಸ್ವಲ್ಪ ಮಜಾ ಇದೆ. ಬಾಕ್ಸ್ 1080ಐ ಕೊಡುವಾಗ ಎಚ್‌ಡಿಎಂಐ ವೈರಿನ ಕ್ಲಾಕ್ (ಡೇಟಾಗೆ ತಾಳ ಹಾಕೋ ಸಿಗ್ನಲ್) ಓಡೋದು 74.25 ಮೆಗಾಹರ್ಟ್ಸ್‌ನಲ್ಲಿ. 720ಪಿ ಇಟ್ಟರೂ ಅದೇ. ಅದರ ಒಂಬತ್ತು ಪಟ್ಟು 668.25. ನಿಮ್ಮ ಡಬ್ಬಿ 662ರಿಂದ 670. ಅಂದ್ರೆ ನಿಮ್ಮ ಎಚ್‌ಡಿಎಂಐ ವೈರೇ ಪಕ್ಕದ ಕೇಬಲ್‌ಗೆ ತುಂತುರು ಹೊಡೀತಿದೆ ಅಂತ ನನ್ನ ಅನುಮಾನ.

ಪರೀಕ್ಷೆ ಪುಕ್ಕಟೆ. ಬಾಕ್ಸ್ ಮೆನುವಿನಲ್ಲಿ ಔಟ್‌ಪುಟ್ 576ಪಿ ಮಾಡಿ. ಆಗ ಕ್ಲಾಕ್ 27 ಮೆಗಾಹರ್ಟ್ಸ್, ಅದರ ಗುಣಾಕಾರ 648, 675ರಲ್ಲಿ ಬೀಳುತ್ತೆ, 662–670ರೊಳಗೆ ಯಾವುದೂ ಇಲ್ಲ. 666 ತಕ್ಷಣ ಸರಿಹೋದ್ರೆ ಕಳ್ಳ ಸಿಕ್ಕ. ಹಳದಿ-ಕೆಂಪು-ಬಿಳಿ ಎವಿ ವೈರ್ ಹಾಕಿ ಎಚ್‌ಡಿಎಂಐ ಕಿತ್ತು ನೋಡಿದ್ರೂ ಆಯ್ತು.

ಕಡಲತಡಿ
ಲೆಕ್ಕ ಚಂದ ಉಂಟು ಮಾರಾಯ್ರೇ. ಆದ್ರೆ 74.25ರ ಐದು ಪಟ್ಟು 371.25. ಅದು 370ರ ಡಬ್ಬಿಯ ನಟ್ಟನಡುವೆ ಬೀಳ್ತದೆ. ಹಾಗಾದ್ರೆ 370 ಯಾಕೆ 95 ತೋರಿಸ್ತಾ ಉಂಟು?

ಎಫ್‌ಪಿನ್
ಒಳ್ಳೇ ಪ್ರಶ್ನೆ. ಎರಡು ಕಾರಣ. ಸಣ್ಣ ವೈರಿನಲ್ಲಿ ಫ್ರೀಕ್ವೆನ್ಸಿ ಏರಿದಷ್ಟೂ ನಷ್ಟ ಜಾಸ್ತಿ, ಅದಕ್ಕೇ 370ಕ್ಕೆ ಸ್ಟ್ರೆಂತ್ 74, 666ಕ್ಕೆ 61. ಅಲ್ಲಿ ಸಿಗ್ನಲ್ ಗಟ್ಟಿ, ಕಸ ಮುಳುಗಿ ಹೋಗುತ್ತೆ. ಇನ್ನೊಂದು, ಸಡಿಲ ಪಿನ್‌ನ ಸಂದು, ವೈರಿನ ಒಳಗೆ ಸುತ್ತಲೂ ಇರೋ ಲೋಹದ ಜಾಲರಿ ಹರಿದ ತೂತು ಎತ್ತರದ ಫ್ರೀಕ್ವೆನ್ಸಿಗೆ ದೊಡ್ಡ ಬಾಗಿಲು, ಕೆಳಗಿನದಕ್ಕೆ ಕಿರಿದು. ಪಿನ್ ಇನ್ನೂ ಸಡಿಲ ಮಾಡಿದ್ರೆ 370ನೂ ಅಲ್ಲಾಡಬಹುದು, ಬೇಕಾದ್ರೆ ನೋಡ್ಲಿ.

ಕಡಲತಡಿ
ಒಪ್ಪಿದೆ. 594ರಲ್ಲಿ ಚಾನೆಲ್ ಇದ್ರೆ ಅದನ್ನೂ ನೋಡ್ಲಿಕ್ಕೆ ಹೇಳಿ, ಎಂಟು ಪಟ್ಟು ಸರಿಯಾಗಿ ಅಲ್ಲೇ.

ಎಫ್‌ಪಿನ್
594 ನೋಡಬಹುದು, ಆದರೆ 576ಪಿ ಪರೀಕ್ಷೆಗೆ ಅದು ಬರಲ್ಲ. 27ರ 22 ಪಟ್ಟೂ 594ಏ. ಹಾಗಾಗಿ ತೀರ್ಪಿಗೆ 666 ಒಂದೇ ಸಾಕು.

ರಾಗಿಮುದ್ದೆ
ನಂಗೆ ಈ ಗಣಿತ ಬೇಡ ಗುರು. ಬಾಕ್ಸ್‌ಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ್ರೆ ಆಗಲ್ವಾ?

ಹುಬ್ಳಿಮಂದಿ
ಆಗಂಗಿಲ್ರಿ. ಗಾಳಿ ಆಡೋ ತೂತು ಮುಚ್ಚಿ ಬಾಕ್ಸ್ ಕಾದು ಹೆಂಚಾಗ್ತೈತಿ, ಅಷ್ಟ. ಫಾಯಿಲ್ ಕೇಬಲ್ಲಿನ ಜಾಲರಿಗೆ ಸುತ್ತಲೂ ಗಟ್ಟಿ ಕೂಡದಿದ್ರ ಅದೂ ಒಂದು ಆಂಟೆನಾನ. ಕಸ ಬರೋದು ಬಾಕ್ಸಿನ ಮೈಯಿಂದಲ್ಲ, ಹಿಂದಿನ ಪಿನ್ನಿಂದ.

ಬೆಣ್ಣೆದೋಸೆ17
576ಪಿ ಮಾಡಿದೆ. 666 ಕ್ವಾಲಿಟಿ 34ರಿಂದ ಸೀದಾ 81! ವಾಪಸ್ 1080ಐ ಮಾಡಿದ್ರೆ ಮತ್ತೆ 35. ಹಾಗಾದ್ರೆ ಹೊಸ ಎಚ್‌ಡಿಎಂಐ ತರಲಾ?

ಡೆಸಿಬೆಲ್
ತನ್ನಿ, ಆದರೆ ಅದೊಂದೇ ಸಾಲದು. ಎಚ್‌ಡಿಎಂಐ ಸರಿಮಾಡಿದ್ರೆ 666 ಉಳಿಯುತ್ತೆ, 834 ಹಾಗೇ ಇರುತ್ತೆ. ಬಾಗಿಲು ಮುಚ್ಚಿದ್ರೆ ಎರಡೂ ಸರಿ. ಬಾಗಿಲು ಅಂದ್ರೆ ಆ ಹಳೇ ವೈರು ಮತ್ತು ಅದರ ಎರಡು ತುದಿ. ಬಾಕ್ಸ್ ಹಿಂದಿನ ಪಿನ್ ತಿರುಗಿಸೋ ಥರದ್ದಾ, ಒತ್ತೋ ಥರದ್ದಾ?

ಬೆಣ್ಣೆದೋಸೆ17
ಸುಮ್ನೆ ತಳ್ಳಿದ್ರೆ ಹೋಗುತ್ತೆ, ಎಳೆದ್ರೆ ಬರುತ್ತೆ. ನಟ್ ಇಲ್ಲ. ವೈರಿಗೆ ಟೇಪ್ ಸುತ್ತಿದಾರೆ.

ಎಫ್‌ಪಿನ್
ಸಿಕ್ಕಿತು. ತಳ್ಳೋ ಪಿನ್ ಸ್ಕ್ರೂ ಇರೋ ಸಾಕೆಟ್ ಮೇಲೆ ಸುತ್ತಲೂ ಕೂರೋದೇ ಇಲ್ಲ, ಒಂದೆರಡು ಕಡೆ ಮಾತ್ರ ತಾಗಿಕೊಂಡಿರುತ್ತೆ. ಟೇಪ್ ಒಳಗೆ ಜಾಲರಿ ಕಪ್ಪಗೆ ತುಕ್ಕು ಹಿಡಿದಿರೋದು ಸಾಮಾನ್ಯ.

ಮೊದಲು ಎರಡೂ ಪ್ಲಗ್, ಟಿವಿದೂ ಬಾಕ್ಸ್‌ದೂ, ಗೋಡೆಯಿಂದ ಕೀಳಿ. ಎಚ್‌ಡಿಎಂಐ, ಕೇಬಲ್ ಎರಡನ್ನೂ ಕಳಚಿ. ಬೆಡ್‌ರೂಮಿನ ಇಡೀ 18 ಮೀಟರ್ ವೈರ್ ತೆಗೆದು ಆರ್‌ಜಿ6 ಎಳೆಸಿ, ಒಳಗೆ ಫಾಯಿಲ್ ಪದರ, ಮೇಲೆ ಒತ್ತಾದ ಜಾಲರಿ ಇರೋದು. ಫಾಯಿಲ್ ಇಲ್ಲದೆ ಬರೀ ನಾಲ್ಕು ಎಳೆ ಜಾಲರಿ ಇರೋ ಅಗ್ಗದ ವೈರ್ ತಂದ್ರೆ ಮತ್ತೆ ಇಲ್ಲಿಗೇ ಬರ್ತೀರಿ.

ಪಿನ್ ಹಾಕೋ ಅಳತೆ: ಮೇಲಿನ ಪ್ಲಾಸ್ಟಿಕ್ ಸುಮಾರು 13 ಮಿಲಿಮೀಟರ್ ಸುಲಿಯಿರಿ. ಜಾಲರಿಯನ್ನು ಹಿಂದಕ್ಕೆ ಮಡಚಿ ಪ್ಲಾಸ್ಟಿಕ್ ಮೇಲೆ ಕೂರಿಸಿ. ಬಿಳಿ ಪದಾರ್ಥಕ್ಕೆ ಅಂಟಿದ ಫಾಯಿಲ್ ಕೀಳಬೇಡಿ. ತುದಿಯಿಂದ 6.5 ಮಿಲಿಮೀಟರ್ ಬಿಳಿ ಭಾಗ ತೆಗೆದು ನಡುವಿನ ತಂತಿ ಬರಿಮೈ ಮಾಡಿ. ಬ್ಲೇಡಿನಿಂದ ತಂತಿಗೆ ಗೆರೆ ಬಿದ್ದರೆ ಮುರಿಯುತ್ತೆ, ಹಾಗಾಗಿ ಕತ್ತರಿಸಿ ಮೊದಲಿಂದ ಮಾಡಿ. ಪಿನ್ ಒಳಗೆ ತಳ್ಳಿದಾಗ ಬಿಳಿ ಭಾಗ ಪಿನ್ನಿನ ಒಳತಳಕ್ಕೆ ಸಮವಾಗಿ ಬರಬೇಕು, ನಡು ತಂತಿ ನಟ್ಟಿನ ಅಂಚಿಂದ 1–2 ಮಿಲಿಮೀಟರ್ ಆಚೆ ಕಾಣಬೇಕು. ಜಾಲರಿಯ ಒಂದೇ ಒಂದು ಎಳೆ ನಡು ತಂತಿಗೆ ತಾಗಿದ್ರೂ ಸಿಗ್ನಲ್ ಗೋತಾ. ಕಂಪ್ರೆಷನ್ ಪಿನ್ ಸಿಕ್ಕರೆ ಅದೇ ಹಾಕಿ, ಇಲ್ಲಾಂದ್ರೆ ಆರು ಮೂಲೆ ಕ್ರಿಂಪ್. ಕಟಿಂಗ್ ಪ್ಲೇಯರ್‌ನಲ್ಲಿ ಚಪ್ಪಟೆ ಮಾಡೋದನ್ನ ಕ್ರಿಂಪ್ ಅನ್ನಲ್ಲ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ 11ನೇ ನಂಬರ್ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು. ಅದಕ್ಕಿಂತ ಬೇಡ, ಬಾಕ್ಸ್ ಒಳಗಿನ ಸಾಕೆಟ್ ಬೆಸುಗೆ ಬಿಡುತ್ತೆ.

ಡೆಸಿಬೆಲ್
ಸ್ಪ್ಲಿಟರ್ ಕಡೆಯೂ ಹೇಳ್ಬಿಡ್ತೀನಿ. ಮೂರು ದಾರಿಯಲ್ಲಿ ಎರಡು ಥರ. ಸಮ ಪಾಲಿನದಾದ್ರೆ ಪ್ರತಿ ದಾರಿಗೂ ಸುಮಾರು 6 ಡಿಬಿ ನಷ್ಟ. ಇನ್ನೊಂದು 3.5/7/7 ಅಂತ ಮೈಮೇಲೆ ಬರೆದಿರೋದು. ನಿಮಗೆ ಬೇಕಿರೋದು ಎರಡೇ ದಾರಿ, ಹಾಗಾಗಿ ಎರಡು ದಾರಿಯದನ್ನೇ ಹಾಕಿ, ಎರಡಕ್ಕೂ 3.5 ಸುತ್ತಮುತ್ತ. ಬೂಸ್ಟರ್ ಇಲ್ಲದೆ ಎರಡೂವರೆ ಡಿಬಿ ಪುಕ್ಕಟೆ ಸಿಕ್ಕಿತು. ಹಳೇದೇ ಇಟ್ಕೊಳ್ಳೋದಾದ್ರೆ, 3.5ರ ದಾರಿ ಇದ್ರೆ ಅದು ಬೆಡ್‌ರೂಮಿನ ಉದ್ದ ವೈರಿಗೆ, ಖಾಲಿ ದಾರಿಗೆ 75 ಓಮ್ ಟರ್ಮಿನೇಟರ್ ಟೋಪಿ. ಬಿಟ್ಟ ಬಾಯಿಂದ ಸಿಗ್ನಲ್ ಹಿಂದಕ್ಕೆ ಒದೆಯುತ್ತೆ, ಹೊರಗಿನ ಗಲಾಟೆಯೂ ಒಳಗೆ ಬರುತ್ತೆ.
ಕೇಬಲ್‌ನವರ ಹತ್ರ ಮೀಟರ್ ಇದ್ರೆ ಬಾಕ್ಸ್ ತುದಿಯಲ್ಲಿ 55ರಿಂದ 65 ಡಿಬಿ ಮೈಕ್ರೋವೋಲ್ಟ್, ಎಂಇಆರ್ (ಸಿಗ್ನಲ್ ಎಷ್ಟು ಶುದ್ಧ ಅನ್ನೋ ಅಳತೆ) 30 ಡಿಬಿ ಆಸುಪಾಸು ಬರಬೇಕು ಅಂತ ಕೇಳಿ.

ಮಲೆನಾಡಮಳೆ
ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಮ್ಮದು ಡಿಶ್. ಒಂದೇ ಬುಟ್ಟಿಯಿಂದ ಸ್ಪ್ಲಿಟರ್ ಹಾಕಿ ಎರಡು ಬಾಕ್ಸ್. ಕೆಳಗಿನ ಟಿವಿಯಲ್ಲಿ ಚಾನೆಲ್ ಬದಲಾಯಿಸಿದ್ರೆ ಮೇಲಿನದ್ದು ನೋ ಸಿಗ್ನಲ್. ಇದೂ ಪಿನ್ ತೊಂದರೆನಾ?

ಕಡಲತಡಿ
ಅಲ್ಲ. ನಿಮ್ಮ ಎರಡು ಬಾಕ್ಸ್ ಜಗಳ ಮಾಡ್ತಾ ಉಂಟು. ಡಿಶ್ ಬಾಕ್ಸ್ ಅದೇ ವೈರಿನಲ್ಲಿ, ಬುಟ್ಟಿ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಕರೆಂಟ್ ಕಳಿಸ್ತದೆ. 13 ವೋಲ್ಟ್ ಕಳಿಸಿದ್ರೆ ಲಂಬ ಧ್ರುವೀಕರಣ, 18 ಕಳಿಸಿದ್ರೆ ಅಡ್ಡ. ಕೆಲವು ಎಲ್‌ಎನ್‌ಬಿಗೆ ಮೇಲಿನ ಬ್ಯಾಂಡ್ ಬೇಕಾದ್ರೆ 22 ಕಿಲೋಹರ್ಟ್ಸ್ ಟೋನ್ ಬೇರೆ. ಒಂದು ಬಾಕ್ಸ್ 13 ಕೇಳುವಾಗ ಇನ್ನೊಂದು 18 ಕೊಟ್ರೆ 18ರದ್ದೇ ಗೆಲ್ತದೆ, 13ರವನು ಪರದೆ ಕಪ್ಪು ಮಾಡಿಕೊಂಡು ಕೂತ. ಎಂಥ ಸ್ಪ್ಲಿಟರ್ ತಂದ್ರೂ ಇದು ಹೋಗುದಿಲ್ಲ. ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿ, ಬಾಕ್ಸಿಗೊಂದು ವೈರು ಎಳೀರಿ.

ಮಲೆನಾಡಮಳೆ
ಓಹೋ! ಅದಕ್ಕೇ ಕೆಲವು ಚಾನೆಲ್‌ಗೆ ಎರಡೂ ಚೆನ್ನಾಗಿ ಬರೋದು.

ಕಡಲತಡಿ
ಹೌದು, ಇಬ್ಬರೂ ಒಂದೇ ವೋಲ್ಟ್ ಕೇಳಿದಾಗ ಶಾಂತಿ.

ಡೆಸಿಬೆಲ್
@ಮಲೆನಾಡಮಳೆ ಡಿಶ್‌ನವರಿಗೂ ಮೊಬೈಲ್ ಕಾಟ ಇದ್ದೇ ಇದೆ, ಜಾಗ ಮಾತ್ರ ಬೇರೆ. ಬುಟ್ಟಿಯಿಂದ ಇಳಿಯೋ ವೈರಲ್ಲಿ 950ರಿಂದ 2,150 ಮೆಗಾಹರ್ಟ್ಸ್ ಓಡುತ್ತೆ. ಆಕಾಶದಲ್ಲಿ 11,590ರಲ್ಲಿರೋ ಡಬ್ಬಿ, 9,750ರ ಎಲ್‌ಎನ್‌ಬಿ ದಾಟಿದ್ರೆ 1,840. 1800 ಬ್ಯಾಂಡ್ ಟವರ್ ಕೂಗೋದು 1,805–1,880. ಎದುರು ಮನೆ ತಾರಸಿ ಮೇಲೆ ಟವರ್ ಇದ್ದು ಪಿನ್ ತುಕ್ಕು ಹಿಡಿದಿದ್ರೆ ಒಂದೇ ಗುಂಪು ಚಾನೆಲ್ ಹೋಗುತ್ತೆ. ಔಷಧ ಅದೇ, ಪಿನ್ ಮತ್ತು ವೈರು.

ಸಂಪಿಗೆ
ಒಂದು ಅನುಮಾನ. ನಮ್ಮಲ್ಲಿ ಬಾಕ್ಸ್ ಹಿಂದೆ ಕೇಬಲ್ ಪಿನ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಅದಕ್ಕೂ ಚಿತ್ರ ಒಡೆಯೋದಕ್ಕೂ ಸಂಬಂಧ ಇದೆಯಾ?

ಹುಬ್ಳಿಮಂದಿ
ಅಕ್ಕಾರ, ಚಿತ್ರಕ್ಕ ಭಾಳ ಸಂಬಂಧ ಇಲ್ಲ, ಆದ್ರ ಟಿವಿ ಸುಡಾಕ ಐತಿ. ಎರಡು ಪಿನ್ನಿನ ಪ್ಲಗ್ ಇರೋ ಬಾಕ್ಸು, ಟಿವಿಗಳಾಗ ಅರ್ಥಿಂಗ್ ಇರಂಗಿಲ್ಲ. ಒಳಗ ಇರೋ ಸಣ್ಣ ಕೆಪಾಸಿಟರಿನಿಂದ ಮೈಮ್ಯಾಲ 100 ವೋಲ್ಟ್ ಆಸುಪಾಸು ತೇಲ್ತಿರ್ತೈತಿ. ಕರೆಂಟ್ ಭಾಳ ಕಡಿಮಿ, ಮಿಲಿ ಆಂಪಿಯರ್‌ಗಿಂತ ಕೆಳಗ, ಅದಕ್ಕ ಬರೀ ಜುಮ್. ಆದ್ರ ಕೇಬಲ್ ಜಾಲರಿ ಓಣಿಯ ಕಂಬದ ಕಡೆ ಭೂಮಿಗೆ ಕೂಡಿರ್ತೈತಿ. ಪ್ಲಗ್ ಹಾಕಿದ್ದಾಗ ಎಚ್‌ಡಿಎಂಐ ಚುಚ್ಚಿದ್ರ ಆ ವೋಲ್ಟೇಜು ಡೇಟಾ ತಂತಿಯಿಂದ ಹಾರಿ ಟಿವಿಯ ಎಚ್‌ಡಿಎಂಐ ಪೋರ್ಟ್ ಹೊಡೀತೈತಿ. ಮೊದಲ ಕೇಬಲ್, ಆಮ್ಯಾಲ ಎಚ್‌ಡಿಎಂಐ, ಕಡೀಗೆ ಕರೆಂಟ್ ಪ್ಲಗ್. ಬಿಚ್ಚುವಾಗ ತಿರುಗಾಮುರುಗಾ. ಜೋರಾಗಿ ಹೊಡೆದ್ರ ಮಾತ್ರ ಅದು ಜುಮ್ ಅಲ್ಲ, ವೈರಿಂಗ್ ತಪ್ಪು. ಎಲೆಕ್ಟ್ರಿಷಿಯನ್ ಕರೀರಿ.
ಸಿಡ್ಲಿನ ದಿನ ಕೇಬಲ್ ಪಿನ್ ಬಿಚ್ಚಿಡ್ರಿ, ಬರೀ ಸ್ವಿಚ್ ಬಂದ್ ಮಾಡಿದ್ರ ಸಾಲಂಗಿಲ್ಲ.

ರಾಗಿಮುದ್ದೆ
ಹಳೇ ಕಾಲದಲ್ಲಿ ಮಿಕ್ಸಿ ಹಾಕಿದ್ರೆ ದೂರದರ್ಶನದಲ್ಲಿ ಗೆರೆ ಗೆರೆ ಬರ್ತಿತ್ತಲ್ಲ, ಈಗ ಯಾಕೆ ಬರಲ್ಲ?

ಡೆಸಿಬೆಲ್
ಮಿಕ್ಸಿಯ ಕಾರ್ಬನ್ ಬ್ರಷ್ ಸಿಡಿಸೋ ಕಿಡಿ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಬಲ. ಅನಲಾಗ್ ಚಿತ್ರ ಎಎಂ, ಅಂದ್ರೆ ಸಿಗ್ನಲ್‌ನ ಬಲದ ಏರಿಳಿತದಲ್ಲೇ ಚಿತ್ರ, ಹಾಗಾಗಿ ಗೆರೆ ನೇರ ಕಾಣ್ತಿತ್ತು. ಧ್ವನಿ ಎಫ್‌ಎಂ, ಫ್ರೀಕ್ವೆನ್ಸಿಯ ಏರಿಳಿತದಲ್ಲಿ, ಅದು ಅಷ್ಟಾಗಿ ಕೆಡ್ತಿರಲಿಲ್ಲ. ಡಿಜಿಟಲ್‌ನಲ್ಲಿ ಸಣ್ಣ ಪೆಟ್ಟನ್ನ ದೋಷ ತಿದ್ದೋ ಲೆಕ್ಕ ನುಂಗಿಬಿಡುತ್ತೆ. ಮಿತಿ ಮೀರಿದ್ರೆ ಮಾತ್ರ ಒಮ್ಮೆಲೇ ಚೌಕ. ಈಗಲೂ ಫ್ರಿಜ್ಜೋ ಮೋಟಾರೋ ಶುರುವಾದಾಗ ಒಂದು ಕ್ಷಣ ಚಿತ್ರ ನಿಂತ್ರೆ ಅದು ಇದೇ ಜಾತಿ.

ಬೆಣ್ಣೆದೋಸೆ17
ಶನಿವಾರದ ವರದಿ. ಆರ್‌ಜಿ6 ಎಳೆಸಿದೆ, ಎರಡೂ ತುದಿಗೆ ಕ್ರಿಂಪ್ ಪಿನ್, ಎರಡು ದಾರಿ ಸ್ಪ್ಲಿಟರ್. ಎಚ್‌ಡಿಎಂಐ ಹಳೇದೇ ಇದೆ, 1080ಐ. 666: 72/88. 834: 70/86. ಫೋನ್ ಬಾಕ್ಸ್ ಮೇಲಿಟ್ಟು ಕರೆ ಮಾಡಿದ್ರೆ 834 ಕ್ವಾಲಿಟಿ 60ಕ್ಕೆ ಇಳಿಯುತ್ತೆ, ಚಿತ್ರ ಒಡೆಯಲ್ಲ. ಒಂದಡಿ ದೂರ ಇಟ್ರೆ ಅಲ್ಲಾಡೋದೇ ಇಲ್ಲ.

ಎಫ್‌ಪಿನ್
ಬಾಕ್ಸ್ ಮೇಲೆ ಇಟ್ಟಾಗ ಇಳಿಯೋದು ಬಾಕ್ಸ್ ಒಳಗಿನ ಟ್ಯೂನರ್ ಡಬ್ಬಿಯ ಸೋರಿಕೆ, ಅದಕ್ಕೆ ನಾವೇನೂ ಮಾಡಕ್ಕಾಗಲ್ಲ. ಎಚ್‌ಡಿಎಂಐ ಮತ್ತು ಕೇಬಲ್ ಒಟ್ಟಿಗೆ ಸುತ್ತಿ ಟೈ ಹಾಕಿದ್ರೆ ಬಿಡಿಸಿಡಿ. ಇನ್ನೂ ಆಸೆ ಇದ್ರೆ ಬಾಕ್ಸ್ ಕಡೆಯ ಎಚ್‌ಡಿಎಂಐ ತುದಿಗೆ ಒಂದು ಫೆರೈಟ್ ಕ್ಲಿಪ್ (ವೈರಿನ ಮೇಲೆ ಹರಿಯೋ ಗಲಾಟೆ ತಡೆಯೋ ಬಳೆ).

ರಾಗಿಮುದ್ದೆ
ಬೂಸ್ಟರ್ ದುಡ್ಡು ಉಳೀತು, ದೋಸೆ ಕೊಡ್ಸಿ ಸಾರ್.

ಬೆಣ್ಣೆದೋಸೆ17
ಬನ್ನಿ, ಬೆಣ್ಣೆ ಜಾಸ್ತಿ ಹಾಕಿಸ್ತೀನಿ. ಕೊನೇ ಪ್ರಶ್ನೆ, ಎರಡೂ ಬಾಕ್ಸ್ ಒಂದೇ ಕಂಪನಿದು. ಬೆಡ್‌ರೂಮ್ ಬಾಗಿಲು ತೆಗೆದಿದ್ರೆ ಹಾಲ್ ರಿಮೋಟ್ ಒತ್ತಿದ್ರೆ ಅಲ್ಲೂ ಚಾನೆಲ್ ಬದಲಾಗುತ್ತೆ!

ಕಡಲತಡಿ
ಒಂದೇ ಕೋಡ್, ಗೋಡೆಗೆ ಬಡಿದು ಹೋಗ್ತದೆ. ಬೆಡ್‌ರೂಮ್ ಬಾಕ್ಸಿನಲ್ಲಿ ರಿಮೋಟ್ ಸಿಗ್ನಲ್ ಹಿಡಿಯುವ ಕಣ್ಣಿಗೆ ಎರಡು ಪದರ ಕಾಗದದ ಟೇಪ್ ಅಂಟಿಸಿ, ಹತ್ತಿರದ ರಿಮೋಟ್ ಮಾತ್ರ ಕೇಳುವಷ್ಟು. ಸಾಕಾಗದಿದ್ರೆ ಮೂರನೇ ಪದರ.